ಕುಡಿಯದವನ ಸರದಿ

ತಿಂಗಳ ಎರಡನೇ ಗುರುವಾರ, ಪೋರ್ಟ್ ಚಾಮರ್ಸಿನ ಗುಡ್ಡದ ಮೇಲೆ
ನೈರಿಯ ಗ್ಯಾರೇಜು. ಕಾರು ಹೊರಗೆ ಜುಲೈ ಚಳಿಯಲ್ಲಿ ನಿಂತಿದೆ,
ಅದರ ಜಾಗದಲ್ಲಿ ನಾವು: ಒಂಬತ್ತು ಜನ, ಹನ್ನೊಂದು ಕುರ್ಚಿ,
ಒಂದೂ ಇನ್ನೊಂದರ ಜೋಡಿಯಲ್ಲ.
ಕೆಳಗೆ ಬಂದರಿನಲ್ಲಿ ಪೈನ್ ದಿಮ್ಮಿ ಹೇರುವ ಹಡಗು
ಆಗಾಗ ಗುಡುಗುತ್ತದೆ; ಮೂಲೆಯ ಬಕೆಟ್ಟು
ಬುಳುಕ್ ಎಂದು ಉತ್ತರ ಕೊಡುತ್ತದೆ.

ಈ ಸಲದ್ದು ತಪ್ಪು ಹುಡುಕುವ ರಾತ್ರಿ.
ಹೆತ್ತವರಿಗೆ ಹೆಗ್ಗಣ ಮುದ್ದು, ಆದ್ದರಿಂದ ನಿಯಮ:
ನಿನ್ನ ಬಿಯರಿನ ಬಗ್ಗೆ ನೀನು ಬಾಯಿ ಬಿಡುವ ಹಾಗಿಲ್ಲ.
ಲೋರ್ನಾ ಬರೆದುಕೊಳ್ಳುತ್ತಾಳೆ. ಮೂವತ್ತು ವರ್ಷ
ಶಾಲೆ ಮಕ್ಕಳ ಹಲ್ಲು ನೋಡಿದವಳು,
ಹುಳುಕು ಅವಳಿಗೆ ಗ್ಲಾಸಿನ ತಳದಲ್ಲೂ ಕಾಣುತ್ತದೆ.

ಒದ್ದೆ ರಟ್ಟು, ಎನ್ನುತ್ತೇವೆ. ಬೆಂದ ಜೋಳ.
ಗಾಯದ ಪಟ್ಟಿ ಕಿತ್ತಾಗಿನ ವಾಸನೆ.
ಬಿಸಿಲು ಬಿದ್ದು ಕೆಟ್ಟಿದ್ದಕ್ಕೆ ಪುಸ್ತಕದಲ್ಲಿ 'ಸ್ಕಂಕ್' ಎಂದಿದೆ;
ಈ ದ್ವೀಪದಲ್ಲಿ ಸ್ಕಂಕ್ ಕಂಡವರಾರು?
ನಾವು 'ಪೊಸಮ್' ಅನ್ನುತ್ತೇವೆ,
ಟೆವಿಟಾ 'ನಮ್ಮ ಫೋರ್‌ಮನ್ನು' ಅನ್ನುತ್ತಾನೆ.

ಟೆವಿಟಾನದಕ್ಕೆ ನೊರೆಯೇ ಇಲ್ಲ, ಸಕ್ಕರೆ ಹಾಕಲು ಮರೆತಿದ್ದಾನೆ.
ಹೋದ ವರ್ಷ ಮರೆತು ಎರಡು ಸಲ ಹಾಕಿದ್ದ:
ರಾತ್ರಿ ಮೂರಕ್ಕೆ ಬಟ್ಟೆ ಒಗೆಯುವ ಕೋಣೆಯಲ್ಲಿ
ಇಪ್ಪತ್ತೆರಡು ಬಾಟಲಿ ಒಂದರ ಹಿಂದೊಂದು ಸಿಡಿದು
ಪಕ್ಕದ ಮನೆಯವರು ಪೊಲೀಸರನ್ನು ಕರೆದರು.
ಬಂದ ಕಾನ್‌ಸ್ಟೇಬಲ್ ಈಗ ನಮ್ಮ ಖಜಾಂಚಿ.

ದೊಡ್ಡ ಹಂಡೆ ನಮ್ಮದಲ್ಲ, ರಗ್ಬಿ ಕ್ಲಬ್ಬಿನದು,
ಅವರು ಅದರಲ್ಲಿ ಮಳಿ ಬೇಯಿಸುತ್ತಾರೆ.
ಎಷ್ಟು ಉಜ್ಜಿದರೂ ಮಳಿ ಮಳಿಯೇ. ಊರಾಚೆಯ ತೀರ್ಪುಗಾರ
'ಗಹನವಾದ ಕಡಲಿನ ಛಾಯೆ' ಎಂದು ಬರೆದು
ನಮಗೆ ಮೂರನೇ ಬಹುಮಾನ ಕೊಟ್ಟ.

ಡೂಗಲ್ ಕುಡಿಯುವುದಿಲ್ಲ.
ಡಾಕ್ಟರು ಹಾಳೆಯ ಮೇಲೆ ಒಂದೇ ಒಂದು ಗೆರೆ ಎಳೆದು ತೋರಿಸಿ
ಹದಿನೇಳು ತಿಂಗಳಾಯಿತು.
ಆದರೂ ಬರುತ್ತಾನೆ, ಮುಂಚಿನ ಕುರ್ಚಿಯಲ್ಲೇ ಕೂರುತ್ತಾನೆ,
ಗ್ಲಾಸು ಇಸಕೊಂಡು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾನೆ.
"ಹೆಪ್ಪು ಹಾಕುವಾಗ ಬಿಸಿ ಜಾಸ್ತಿ. ಇಪ್ಪತ್ತಾರು ಡಿಗ್ರಿ."
ಇಪ್ಪತ್ತೇಳು, ಎಂದು ಯಾರೋ ಒಪ್ಪಿಕೊಳ್ಳುತ್ತಾರೆ.
ಕುಡಿಯುತ್ತಿದ್ದ ಕಾಲದಲ್ಲಿ ಇವನಿಗೆ
ಗಂಜಿಗೂ ಬಿಯರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ
ಎಂದು ನೈರಿ ಹೇಳುತ್ತಾಳೆ, ಅವನೆದುರೇ.

ಹತ್ತು ಗಂಟೆಗೆ ಅವನು ಚೀಲದಿಂದ ಬಾಟಲಿ ತೆಗೆದ.
ಲೇಬಲ್ಲಿಲ್ಲ. ಮುಚ್ಚಳಕ್ಕೆ ಹಸಿರು ಚುಕ್ಕಿ.
"ನಾನೇ ಮಾಡಿದ್ದು. ರುಚಿ ನೋಡಿಲ್ಲ. ನೋಡೋ ಹಾಗಿಲ್ಲ."
ತಪ್ಪೆಂದರೆ ತುದಿಗಾಲಲ್ಲಿ ನಿಲ್ಲುವ ನಾವು
ಆಗ ನೆಲ ನೋಡಿದೆವು.
ಚೆನ್ನಾಗಿದೆ, ಎಂದ ಟೆವಿಟಾ.
ಚೆನ್ನಾಗಿದೆ, ಎಂದೆ ನಾನು.
ಖಜಾಂಚಿ, ಠಾಣೆಯ ಮುಖದಲ್ಲಿ: ಚೆನ್ನಾಗಿದೆ.
ಲೋರ್ನಾಳ ಪೆನ್ಸಿಲು ಹಾಳೆಯ ಮೇಲೆ ನಿಂತೇ ಇತ್ತು,
ಹಲ್ಲು ಕೀಳಬೇಕೋ ಬೇಡವೋ ಎಂಬಂತೆ.

ಡೂಗಲ್ ಖಾಲಿ ಗ್ಲಾಸು ಮೂಸಿದ.
"ಸುಳ್ಳರು," ಎಂದ. "ಹಸಿ ಸೇಬು.
ಇನ್ನೂ ಆರು ವಾರ ಬೇಕಿತ್ತು. ಅವಸರ ಮಾಡಿದೆ."
ಯಾಕೆಂದು ಯಾರೂ ಕೇಳಲಿಲ್ಲ. ಹಡಗು ಗುಡುಗಿತು.
ಲೋರ್ನಾ ಬರೆದಳು: ಹಸಿ ಸೇಬು. ಐವತ್ತಕ್ಕೆ ಮೂವತ್ತೊಂದು.
ತಿದ್ದಿ ಮೂವತ್ತು ಮಾಡಿದಳು. ಅವನು ನಕ್ಕ;
ಉಳಿದ ಬಾಟಲಿಗಳನ್ನು ಬಣ್ಣದ ಡಬ್ಬಿಗಳ ಹಿಂದೆ
ಕತ್ತಲಲ್ಲಿಟ್ಟು, ಗೋಡೆಗೆ ಸೀಮೆಸುಣ್ಣದಲ್ಲಿ
'ಸೆಪ್ಟೆಂಬರ್' ಎಂದು ಬರೆದ.

ಆಮೇಲೆ ಎಂದಿನಂತೆ ಅವನ ವ್ಯಾನು.
ಕುಡಿಯದವನು ಒಬ್ಬನೇ, ಅವನೇ ಸಾರಥಿ.
ಕಿಟಕಿ ಏರಿಸಿ, ಇಳಿಜಾರಿಗೆ ಎರಡನೇ ಗೇರು ಹಾಕಿ,
ಹಿಂದೆ ತಿರುಗದೆ ಒಬ್ಬೊಬ್ಬರ ಉಸಿರಿಗೂ ಹೆಸರಿಡುತ್ತಾನೆ:
ಓಟ್ಸ್ ಹಾಕಿದ ಕಪ್ಪು. ನೈರಿಯ ಗೋಧಿಯದು, ಲವಂಗ.
"ಮತ್ತೆ ಯಾರೋ ಒಬ್ಬರು," ದೀಪದ ಕಂಬದಡಿ ನಿಧಾನಿಸುತ್ತ,
"ನನ್ನದನ್ನೇ ಎರಡು ಗ್ಲಾಸು ಕುಡಿದಿದ್ದೀರಿ."

ನಾನು ಕಿಟಕಿಯಾಚೆ ನೋಡಿದೆ.
ಗಾಜು ಪೂರಾ ಮಂಜಾಗಿತ್ತು.