ಮುಚ್ಚಳ

ಆರೂವರೆಗೆ ಗಾರ್ಮೆಂಟ್ಸ್ ಬಸ್ಸು ಗುತ್ತಲು ರಸ್ತೆಯ ತಿರುವಿನಲ್ಲಿ
ಒಂದೇ ಒಂದು ಸಲ ಹಾರನ್ ಹೊಡೆಯುತ್ತದೆ.
ಯಶೋದ ಕೂದಲಿಗೆ ಕ್ಲಿಪ್ಪು ಸಿಕ್ಕಿಸುತ್ತ ಓಡುತ್ತಾಳೆ.
ಆಮೇಲೆ ಅಡುಗೆಮನೆ ನನ್ನದು.

ಆಲೆಮನೆಯಿಂದ ಅಚ್ಚುಬೆಲ್ಲ ಹೇರುವ ಗಾಡಿ ನನ್ನದು.
ಮೂಟೆ ಎತ್ತಿದರೆ ತೂಕ ಹೇಳುತ್ತೇನೆ,
ಅರ್ಧ ಕಿಲೋ ಅತ್ತಿತ್ತ ಆಗದ ಹಾಗೆ.
ಎರಡು ವರ್ಷ ಹತ್ತು ತಿಂಗಳ ಹೊಟ್ಟೆಗೆ
ಎಷ್ಟು ಚಿತ್ರಾನ್ನ ಅಂತ ಮಾತ್ರ
ಈ ಕೈಗೆ ಗೊತ್ತಿಲ್ಲ.
ಒಂದು ಹಿಡಿ ಹಾಕಿದೆ, ಡಬ್ಬಿ ಬಿಕೋ ಅಂತು.
ಎರಡು ಹಿಡಿ ಹಾಕಿದೆ, ಮುಚ್ಚಳ ಕೂರಲಿಲ್ಲ.
ಗಂಟಲಿಗೆ ಸಿಕ್ಕೀತು ಅಂತ ಕಡ್ಲೆಬೀಜ ಆರಿಸಿದೆ.
ಕರಿಬೇವು ಆರಿಸಿದೆ.
ಸಾಸಿವೆ ಆರಿಸಲು ಹೋಗಿ ನನಗೇ ನಗು ಬಂತು.

ಇದು ಇನ್ನೂ ನಿಜದ ಡಬ್ಬಿಯಲ್ಲ.
ಸ್ಕೂಲಿಗೆ ಹನ್ನೊಂದು ದಿನ ಬಾಕಿ.
ನಾವು ಪ್ರಾಕ್ಟೀಸು ಮಾಡುತ್ತಿದ್ದೇವೆ.

ಹತ್ತೂವರೆಗೆ ತಟ್ಟೆಗೆ ಸೌಟು ಬಡಿದರೆ ಬೆಲ್ಲು.
ಜಗುಲಿಯಲ್ಲಿ ಚಾಪೆ, ಚಾಪೆಯ ಮೇಲೆ ಅವಳು,
ಜೊತೆಗೆ ಕಿವಿ ಹರಿದ ಆನೆ, ಪಕ್ಕದ ಮನೆ ಬೆಕ್ಕು, ನನ್ನ ಅವ್ವ.
ಅವ್ವ ಎಲೆಅಡಿಕೆ ಉಗಿದು ಬಂದೇ ಕೂರಬೇಕು, ಅದು ರೂಲ್ಸು.

"ಕೃತಿಕಾ ಎಂ." ಹಾಜರಿ ಕೂಗುತ್ತೇನೆ.
ಉತ್ತರವಿಲ್ಲ.
ಅವಳೂ ಬಾಗಿಲ ಕಡೆ ತಿರುಗಿ ನೋಡುತ್ತಾಳೆ
ಆ ಹುಡುಗಿ ಬಂದಳಾ ಅಂತ.
ಹುಟ್ಟಿದಂದಿನಿಂದ ಕುಳ್ಳಿ ಅಂತಲೇ ಕರೆದ ತಪ್ಪಿಗೆ
ಅವಳಿಗೆ ಅವಳನ್ನೇ ಪರಿಚಯ ಮಾಡಿಸಬೇಕಾಯಿತು:
"ಕುಳ್ಳೀ, ನೀನೇ ಕಣವ್ವ ಕೃತಿಕಾ."
"ಅಲ್ಲ. ಕೃತಿಕಾ ಊರಿಗೆ ಹೋಗವ್ಳೆ."

ನಿಜವಾದ ಕಷ್ಟ ಇದ್ದದ್ದು ಮುಚ್ಚಳದಲ್ಲಿ.
ನೀಲಿ ಡಬ್ಬಿ, ನಾಲ್ಕು ಕಡೆ ಕ್ಲಿಪ್ಪು,
ಪೇಟೆಬೀದಿಯಲ್ಲಿ ಚೌಕಾಸಿ ಮಾಡಿ ನೂರಾ ನಲವತ್ತಕ್ಕೆ ತಂದದ್ದು.
ನೀರು ತುಂಬಿ, ತಲೆಕೆಳಗು ಮಾಡಿ ತೋರಿಸಿದ್ದ ಅಂಗಡಿಯವ:
ಒಂದು ತೊಟ್ಟು ಆಚೆ ಬರಲ್ಲ ಸಾರ್.
ನಿಜ. ಈಗ ಅನ್ನವೂ ಬರುತ್ತಿಲ್ಲ.
ಪುಟಾಣಿ ಹೆಬ್ಬೆರಳು ಕ್ಲಿಪ್ಪಿನ ಅಡಿಗೆ ಹೋಗುತ್ತದೆ, ಜಾರುತ್ತದೆ,
ಮತ್ತೆ ಹೋಗುತ್ತದೆ. ಮೂಗಿನ ಮೇಲೆ ಬೆವರು.
ಒಂದು ಗೇಣು ದೂರದಲ್ಲಿ ನಾನು
ನನ್ನ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದೇನೆ.
"ಹಸ್ದದೆ ಮಗ, ತಗ್ದುಕೊಡೋ, ಕಲ್ಲಾಗೋದ್ಯಾ?" ಅನ್ನುತ್ತಾಳೆ ಅವ್ವ.
ಇಲ್ಲ ಕಣವ್ವ.
ಅಲ್ಲಿ ನಾನಿರುವುದಿಲ್ಲ, ಅಷ್ಟೆ.

ಆರನೆಯ ದಿನ ಒಂದು ಕ್ಲಿಪ್ಪು ಟಪ್ ಅಂತು.
ಎಂಟನೆಯ ದಿನ ನಾಲ್ಕೂ.
ಆಮೇಲೆ ಮನೆಯಲ್ಲಿ ಮುಚ್ಚಿದ್ದು ಅಂತ ಏನೂ ಉಳಿಯಲಿಲ್ಲ,
ಉಪ್ಪಿನ ಡಬ್ಬಿ, ಅವ್ವನ ಸುಣ್ಣದ ಡಬ್ಬಿ,
ನನ್ನ ಗಾಡಿಯ ಟೂಲ್ ಬಾಕ್ಸು.

ಹಿಂದಿನ ರಾತ್ರಿ ಯಶೋದ ಬ್ಯಾಗಿಗೆ ಒಂದು ಕೆಂಪು ಗುಂಡಿ ಹೊಲಿದಳು,
ಹೆಸರು ಓದಲು ಬಾರದವಳಿಗೆ ಗುರುತು ಇರಲಿ ಅಂತ.
ದಿನಕ್ಕೆ ಐನೂರು ಕಾಲರ್ ಮುಗಿಸುವ ಕೈ
ಆ ಒಂದು ಗುಂಡಿಗೆ ಅರ್ಧ ಗಂಟೆ ತೆಗೆದುಕೊಂಡಿತು.
ದಾರವನ್ನು ಹಲ್ಲಲ್ಲಿ ಕಡಿದು, "ರಜೆ ಕೊಡ್ಲಿಲ್ಲ" ಅಂದಳು.

ಸೋಮವಾರ.
ಗೇಟಿನ ಒಳಗೆ ಅಳು, ಹೊರಗೆ ನನ್ನ ಗಾಡಿ.
ಸ್ಟಾರ್ಟ್ ಮಾಡಿದೆ. ಆಫ್ ಮಾಡಿದೆ.
ಆ ದಿನದ ಮೊದಲ ಲೋಡು ತಡವಾಯಿತು.

ಹನ್ನೆರಡೂವರೆಗೆ ಬ್ಯಾಗು ಕೈಗೆ ಬಂತು,
ತೂಕದಲ್ಲೇ ತಿಳಿಯಿತು: ಒಂದು ಅಗುಳೂ ಕಡಿಮೆಯಾಗಿಲ್ಲ.
ಮಿಸ್ ನಗುತ್ತಿದ್ದರು.
"ಹದಿನಾಲ್ಕು ಮಕ್ಕಳ ಡಬ್ಬಿಯನ್ನೂ ಇವಳೇ ತೆಗೆದುಕೊಟ್ಟಳು ಸಾರ್,
ಒಂದನ್ನೂ ನಾವು ಮುಟ್ಟಲಿಲ್ಲ.
ತನ್ನದು ತೆಗೆಯುವಷ್ಟರಲ್ಲಿ ಬೆಲ್ಲಾಯಿತು."

ಬೆಲ್ಲದ ವಾಸನೆಯ ಸೀಟಿನಲ್ಲಿ ನನ್ನ ಪಕ್ಕ ಕೂತು
ಆರಿದ ಚಿತ್ರಾನ್ನ ಬಾಚಿ ಬಾಚಿ ತಿಂದಳು.
ನಾನು ಗಾಡಿ ಬಿಡದೆ ಕೇಳಿದೆ,
"ಕೃತಿಕಾ ಬಂದಿದ್ಲಾ?"
"ಊಂ," ಅಂದಳು, ಬಾಯಿ ತುಂಬ ಅನ್ನ.
"ಅವ್ಳು ಅತ್ಬುಟ್ಲು ಕಣಪ್ಪ. ನಾನ್ ಅಳ್ನಿಲ್ಲ."