ದೇದಾ

ಕುತೈಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಇಪ್ಪತ್ತಾರು ವರ್ಷ ಹಲಗೆಯ ಮುಂದೆ ಕೂತವಳು ನಾತೆಲಾ.
ಒಂದು ತೂತಿನಿಂದ ಇನ್ನೊಂದಕ್ಕೆ ವಯರು ಸಿಕ್ಕಿಸಿ
ಬತೂಮಿಯ ನಾವಿಕನನ್ನು ಅವನ ಹೆಂಡತಿಗೆ,
ಚಿಯಾತೂರಾದ ಗಣಿಯೊಳಗಿನ ಸಾವನ್ನು
ಸತ್ತವನ ತಾಯಿಗೆ
ಮುಟ್ಟಿಸಿದವಳು.
ತಪ್ಪು ತೂತಿಗೆ ಸಿಕ್ಕಿಸಿದ್ದು
ಇಡೀ ನೌಕರಿಯಲ್ಲಿ ಎರಡೇ ಸಲ, ಎನ್ನುತ್ತಿದ್ದಳು.
ಮೂರನೆಯದೊಂದಿದೆ, ಮುಚ್ಚಿಟ್ಟಿದ್ದಾಳೆ
ಎಂದು ಮಗಳಿಗೆ ಗುಮಾನಿ.

ಮಗಳು ಎಲಿಸೊ.
ತ್ಬಿಲಿಸಿಯ ನೆಲಮಾಳಿಗೆಯೊಂದರಲ್ಲಿ
ಇಲಿಯ ಮಿದುಳನ್ನು
ಕೂದಲೆಳೆಯ ಸಾವಿರದೊಂದು ಪಾಲಿನಷ್ಟು ತೆಳ್ಳಗೆ ಕೊಯ್ದು
ನರಸಂಧಿಗಳನ್ನು ಎಣಿಸುತ್ತಾಳೆ.
ಸಂಬಳ ಅದಕ್ಕೇ. ಎಣಿಸುವುದಕ್ಕೆ.

ಸೇತುವೆ ಎಂದುಕೊಳ್ಳಬೇಡಿ.
ಸೇತುವೆಯೇ ಇಲ್ಲ ಅಲ್ಲಿ, ಬರೀ ಸಂದು.
ಈಚೆ ದಡದಲ್ಲಿ ಗುಳ್ಳೆಗಳು,
ಗುಳ್ಳೆಯೊಳಗೆ ಹೇಳಬೇಕಾದದ್ದು.
ಆಚೆ ದಡದಲ್ಲಿ ಕಾಡಿಗೆ ತೀಡಿದಂಥ ಒಂದು ಗೆರೆ,
ಅದೇ ಕಿವಿ.
ಗುಳ್ಳೆ ಒಡೆದು, ಒಳಗಿನದು ದಾಟಿ, ತಾಕಿದರೆ
ಒಲೆಯ ಮೇಲೆ ಹಾಲಿದೆ ಎಂಬುದು ನೆನಪಾಗುತ್ತದೆ.

ಕನ್ನಡದ ವ್ಯಾಕರಣ ಉರುಹೊಡೆದ ನಮಗಿದು ಹೊಸತಲ್ಲ.
ಊರು, ಅಲ್ಲಿ. ಹತ್ತಿರ ಬಂದರೆ
ನಡುವಿನ ಉಕಾರ ಸದ್ದಿಲ್ಲದೆ ಬಿದ್ದುಹೋಗುತ್ತದೆ,
ಊರಲ್ಲಿ ನಾವು ಸುಖವಾಗಿರುತ್ತೇವೆ.
ಲೋಪಸಂಧಿ ಎಂದು ಬರೆದರೆ ಒಂದು ಅಂಕ.
ಸಂಧಿಯೇ ಲೋಪವಾದರೆ?
ಊರು ಇರುತ್ತದೆ. ಅಲ್ಲಿ ಇರುತ್ತದೆ.
ಊರಲ್ಲಿ ಇರುವುದಿಲ್ಲ.

ನರ ಸಾಯುವುದು ಆಮೇಲೆ, ಎಷ್ಟೋ ಆಮೇಲೆ.
ಮೊದಲು ಹೋಗುವುದು ಸಂದುಗಳು.
ಕೂಸಿನ ಮಿದುಳಲ್ಲಿ ಹೆಚ್ಚಾದ ಕುಡಿ ಚಿವುಟಿ
ತೋಟ ಮಾಡಿದ ಅದೇ ಕೈ
ಎಪ್ಪತ್ತರ ಹೊತ್ತಿಗೆ ಕತ್ತಲಲ್ಲಿ ಬಂದು
ಕಾಯಿ ಹಿಡಿದ ಕೊಂಬೆಗಳನ್ನೇ ಮುರಿಯತೊಡಗುತ್ತದೆ.
ಪಕ್ಕದ ಮೇಜಿನ ಜುಂಬೇರನ ಇಲಿಗಳ ಪಾಡು ಬೇರೆ:
ಅಲ್ಲಿ 'ಸಾಕು' ಎನ್ನುವ ಸಂಧಿಗಳೇ ಕೆಟ್ಟಿವೆ,
ಎಲ್ಲ ಲೈನುಗಳೂ ಒಮ್ಮೆಲೇ ಗಂಟೆ ಹೊಡೆದು
ಇಲಿ ನಡುಗಿ ನಡುಗಿ ಬೀಳುತ್ತದೆ.
ಜುಂಬೇರ್ ಅದರ ಬೆನ್ನು ಸವರುತ್ತಾನೆ.
ದಿನಚರಿಯಲ್ಲಿ ಅದನ್ನು ಬರೆಯುವುದಿಲ್ಲ.

ಅಕ್ಟೋಬರದಲ್ಲಿ ಎಲಿಸೊ ಊರಿಗೆ ಹೋದಳು.
ದ್ರಾಕ್ಷಿ ರಸ ಕುದಿಸುವ ಕಾಲ.
ಅಡುಗೆಮನೆಯಲ್ಲಿ ನಾತೆಲಾ
ಅಕ್ರೋಟಿನ ಹೋಳುಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು.
(ಅಕ್ರೋಟು ಥೇಟ್ ಮಿದುಳೇ ಎಂದು ಯಾರೂ ಹೇಳಬೇಡಿ,
ಕೇಳಿ ಕೇಳಿ ಅವಳಿಗೆ ಸಾಕಾಗಿದೆ.)
ಸೂಜಿ ಒಂದೂ ಸಲ ತಪ್ಪಲಿಲ್ಲ.
ಕೈಗೆ ಬೇರೆಯೇ ಎಕ್ಸ್‌ಚೇಂಜ್ ಇರಬೇಕು.
ಕೆಟಲ್ಲು ಕೂಗಿದಾಗ ಮಾತ್ರ
ಬೆನ್ನು ನೆಟ್ಟಗೆ ಮಾಡಿ,
"ಲೈನಿನಲ್ಲೇ ಇರಿ, ಕೊಡುತ್ತೇನೆ" ಎಂದಳು ಅದಕ್ಕೆ.

ಆಮೇಲೆ ತಲೆಯೆತ್ತಿ ಎಲಿಸೊಳನ್ನು ನೋಡಿ,
"ಬಂದೆಯಾ, ದೇದಾ?"

ಅವರ ಮಾತಿನಲ್ಲಿ ದೇದಾ ಎಂದರೆ ತಾಯಿ.
ತಾಯಿ ತನ್ನ ಮಗುವನ್ನು ಮುದ್ದಿಗೆ ಕರೆಯುವುದೂ
ದೇದಾ ಎಂದೇ,
ನಾವು ಮಗಳನ್ನು ಬಾರಮ್ಮ ಎನ್ನುವ ಹಾಗೆ.
ಹುಟ್ಟಿದಾಗಿನಿಂದ ಕೇಳಿದ ಕರೆ.
ಈಗ ಯಾರನ್ನು ಕರೆದಳು?
ನಲವತ್ತೆರಡರ ಮಗಳನ್ನೋ,
ಎಂದೋ ಮಣ್ಣಾದ ತನ್ನ ಅಮ್ಮನನ್ನೋ?
ಗುಳ್ಳೆ ಒಡೆದಿತ್ತು. ದಾಟಿತ್ತು.
ತಾಕಿದ್ದು ಯಾವ ದಡಕ್ಕೆ ಎಂದು
ಯಾವ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು?

"ಬಂದೆ, ದೇದಾ," ಎಂದಳು ಎಲಿಸೊ.
ಎರಡಕ್ಕೂ ಅದೇ ಉತ್ತರ.

ನಾತೆಲಾ ಹಲ್ಲಿನಿಂದ ದಾರ ಕಡಿದು
ಸರವನ್ನು ಬೆಳಕಿಗೆ ಹಿಡಿದಳು.
"ಇಪ್ಪತ್ತೊಂಬತ್ತು ಹೋಳು," ಎಂದಳು.
ಎಲಿಸೊ ಎಣಿಸಲಿಲ್ಲ.