ಬಾಗಿಲು – ಒಂದು

ಮುದ್ದೆಮಾಲು ಪಟ್ಟಿಯಲ್ಲಿ ನನ್ನದೇ ಅಕ್ಷರ:
ತಗಡಿನ ಬಾಗಿಲು – ಒಂದು. ನೀಲಿ ಬಣ್ಣ.
ಚೌಕಟ್ಟು, ಬೀಗ ಸಮೇತ.
ಅಂದಾಜು ಬೆಲೆ ನಾನೂರು.

ಹತ್ತೊಂಬತ್ತು ವರ್ಷ ಠಾಣೆಯ ರೈಟರ್ ನಾನು,
ಜನ ಅತ್ತು ಹೇಳಿದ್ದನ್ನು
ಸೆಕ್ಷನ್ನಿಗೆ ಹೊಂದುವಂತೆ ಬರೆದುಕೊಟ್ಟವನು.

ಹುಡುಗನ ಹೆಸರು ಓಬಳೇಶು. ಹದಿನೇಳೋ ಹದಿನೆಂಟೋ.
ಹದಿನೆಂಟು ಅಂತ ಹಾಕಿ, ಅಂದರು ಸಾಹೇಬರು.
ಹಾಕಿದೆ.

ರಾಜಕಾಲುವೆ ಪಕ್ಕದ ಅರವತ್ತು ಮನೆ
ಒಂದು ಬೆಳಿಗ್ಗೆ ಜೆಸಿಬಿಯ ಬಾಯಿಗೆ ಹೋಗಿದ್ದವು,
ಬೀಗ ಹಾಕಿ ಕೆಲಸಕ್ಕೆ ಹೋದವರ ಮನೆಗಳೂ.
ತಗಡು, ತೊಲೆ, ಹೊಲಿಗೆ ಮಿಷನ್ನಿನ ಒಂದು ಕಾಲು
ಎಲ್ಲ ಪಾಲಿಕೆಯ ಗೋಡೌನಿಗೆ.
ಮೂರನೇ ರಾತ್ರಿ ಕಾಂಪೌಂಡು ಹಾರಿ
ಬಾಗಿಲು ಹೊತ್ತು ಬರುತ್ತಿದ್ದವನು
ಬೀಟಿನವರ ಕೈಗೆ ಸಿಕ್ಕ.

"ಯಾಕೋ ಕದ್ದೆ?"
"ನಮ್ದೇ ಸಾರ್."
"ಪಾಲಿಕೆ ಗೋಡೌನಲ್ಲಿರೋದು ನಿಮ್ಮಪ್ಪಂದೇನೋ?"
"ನಮ್ಮಮ್ಮಂದು."
ಎಲ್ಲರೂ ನಕ್ಕರು. ನಾನೂ.

ಮಧ್ಯಾಹ್ನ ಅವಳು ಬಂದಳು,
ಮೂರು ಫ್ಲ್ಯಾಟಿನ ಮುಸುರೆ ತಿಕ್ಕಿದ ಕೈ
ಇನ್ನೂ ನೆನೆದು ಬಿಳಿಚಿಕೊಂಡಿತ್ತು.
ಮಾತಿಲ್ಲ. ಸೆರಗಿನ ಗಂಟು ಬಿಚ್ಚಿ
ಬೀಗದ ಕೈ ತೆಗೆದಳು.
ಲಾಕಪ್ಪಿನ ಪಕ್ಕ ಒರಗಿಸಿದ್ದ ಬಾಗಿಲ ಮುಂದೆ ನಿಂತು
ತಿರುಗಿಸಿದಳು.
ಟಕ್ ಅಂತು.
ಬಾಗಿಲು ತೆರೆಯಿತು. ಒಳಗೆ
ಠಾಣೆಯ ಗೋಡೆ.

ಆಮೇಲೆ ಯಾರೂ ನಗಲಿಲ್ಲ. ಟೀ ಹುಡುಗ ಕೂಡ
ಲೋಟ ಹಿಡಿದು ಹಾಗೇ ನಿಂತಿದ್ದ.

ಫಾರಂನಲ್ಲಿ 'ಕೃತ್ಯದ ಉದ್ದೇಶ' ಅಂತ ಒಂದು ಕಾಲಂ ಇದೆ.
ಹೆಬ್ಬೆರಳಿನಷ್ಟು ಅಗಲ.
ಅರವತ್ತು ಮನೆ ಅದರಲ್ಲಿ ಹಿಡಿಸುವುದಿಲ್ಲ,
ಜೆಸಿಬಿಯಂತೂ ತಿರುಗಲಿಕ್ಕೇ ಜಾಗವಿಲ್ಲ.
ಯಾವಾಗಲೂ ಬರೆಯುವ ಹಾಗೆ
'ಸುಲಭ ಹಣದ ಆಸೆ' ಎಂದು ಬರೆದೆ.
ಒಳ್ಳೆ ಇಂಕು. ಹರಡಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಬಂದ ಓಬಳೇಶು,
ಬನಶಂಕರಿಯಲ್ಲಿ ಸರ ಕಿತ್ತ ಕೇಸು.
ಗಡ್ಡ ಬಂದಿತ್ತು. ಪರಪ್ಪನ ಅಗ್ರಹಾರದಲ್ಲಿ
ಯಾರ ಪಕ್ಕ ಮಲಗಿದ್ದನೋ,
ನಾನು ಪೆನ್ನಿನ ಕ್ಯಾಪು ತೆಗೆಯುವ ಮೊದಲೇ
ಸೆಕ್ಷನ್ನು ಅವನೇ ಹೇಳಿದ.
ಕಿಟಕಿಯಾಚೆ, ಹಿಂದಿನ ಶೆಡ್ಡಿನಲ್ಲಿ, ನೀಲಿ ಉದುರಿ
ತುಕ್ಕಷ್ಟೇ ಉಳಿದಿದ್ದ ಬಾಗಿಲ ಕಡೆ
ಅವನು ನೋಡಿದನೋ ಇಲ್ಲವೋ.
ನಾನಂತೂ ನೋಡಲಿಲ್ಲ.

"ಉದ್ದೇಶ?" ಅಂದೆ.
"ಹೋದ್ಸಲ ಬರ್ದಿದ್ದೇ ಬರ್ಕೊಳ್ಳಿ ಸಾರ್.
ಈ ಸಲ ಅದು ನಿಜ."